ಆಟದ ತಪ್ಪು ತಿಂಗಳಾದರೂ ನೆನಪು, ಪರೀಕ್ಷೆಯ ತಪ್ಪು ಸಂಜೆಗೇ ಮರೆವು: ತಮ್ಮನ ಮಿದುಳಿಗೆ ಏನಾಗಿದೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮೂರು ಹಾವೇರಿ ಹತ್ತಿರ, ನಾನು ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದೇನೆ. ತಮ್ಮನಿಗೆ 20 ವರ್ಷ, ಎಂಜಿನಿಯರಿಂಗ್. ಎರಡು ವರ್ಷದಿಂದ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸೋ ಆಟ, ದಿನಕ್ಕೆ ಏಳೆಂಟು ಗಂಟೆ. ನಾಲ್ಕು ಸಬ್ಜೆಕ್ಟ್ ಬ್ಯಾಕ್ ಇವೆ. ಅಪ್ಪನ ಖಾತೆಯಿಂದ ಆಟಕ್ಕೆ ಅಂತ 6 ಸಾವಿರ ರೂಪಾಯಿ ತೆಗೆದ. ಬೈದರೆ "ಹೂಂ, ಗೊತ್ತು" ಅಂತಾನೆ, ಮತ್ತೆ ಅದೇ. ಹೋದ ತಿಂಗಳು ಅಪ್ಪನ ಬಿಪಿ ಮಾತ್ರೆ ತರೋದು ಮರೆತ, ಕೇಳಿದರೆ "ಬಿಡು" ಅಂದ. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯೋ ಮೊದಲೇ ಹೋಗಿ ನಿಂತಿದ್ದ, ಅದು ಬೇರೆ ಮಾತು. ನನಗೆ ಅರ್ಥವಾಗದ್ದು ಇದು: ಆಟದಲ್ಲಿ ಯಾವ ಮ್ಯಾಚಲ್ಲಿ ಎಲ್ಲಿ ಎಡವಿದೆ ಅಂತ ತಿಂಗಳಾದರೂ ಹೇಳ್ತಾನೆ. ಆಟದ ಚಟ ಇರುವವರ ಮಿದುಳಿಗೆ ತಪ್ಪು ಗೊತ್ತಾಗೋದೇ ಇಲ್ಲ ಅಂತ ಎಲ್ಲೋ ಓದಿದೆ. ನಿಜವಾ? ಇಇಜಿ ಮಾಡಿಸಬೇಕಾ? ಸರಿಹೋಗುತ್ತಾ?

ಉತ್ತರ: ನಮಸ್ಕಾರ. ನೀವು ಓದಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಇನ್ನರ್ಧ ತಾನಾಗೇ ಬಿಡಿಸಿಕೊಳ್ಳುತ್ತದೆ.

ಫೋನಿನಲ್ಲಿ ಮೆಸೇಜ್ ಬರೆಯುವಾಗ ಬೆರಳು ಪಕ್ಕದ ಅಕ್ಷರದ ಮೇಲೆ ಬಿತ್ತು ಅನ್ನಿ. ಪರದೆಯ ಮೇಲೆ ಅಕ್ಷರ ಓದುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ಚಹಾಕ್ಕೆ ಸಕ್ಕರೆ ಅಂತ ಉಪ್ಪಿನ ಡಬ್ಬಿಗೆ ಚಮಚ ಹಾಕಿದಾಗಲೂ ಅಷ್ಟೇ, ಬುದ್ಧಿಗೆ ಹೊಳೆಯುವ ಮೊದಲೇ ಕೈ ತಡೆಯುತ್ತದೆ. ಒಳಗೆ ಯಾರೋ "ಅಯ್ಯೋ" ಅಂದ ಹಾಗೆ. ಈ "ಅಯ್ಯೋ" ಸುಮ್ನೆ ಮಾತಿಗೆ ಹೇಳಿದ್ದಲ್ಲ. ಅದನ್ನು ಅಳೆಯಬಹುದು.

1990ರ ದಶಕದ ಶುರುವಿನಲ್ಲಿ ಜರ್ಮನಿಯಲ್ಲಿ ಮೈಕೆಲ್ ಫಾಲ್ಕೆನ್‌ಸ್ಟೈನ್ ಅವರ ತಂಡ, ಅಮೆರಿಕದಲ್ಲಿ ವಿಲಿಯಂ ಗೆರಿಂಗ್ ಅವರ ತಂಡ, ಒಂದಕ್ಕೊಂದು ಸಂಬಂಧವಿಲ್ಲದೆ ಇದನ್ನು ಹಿಡಿದವು. ತಲೆಗೆ ಇಇಜಿ ಟೋಪಿ, ಅಂದರೆ ಮಿದುಳಿನ ವಿದ್ಯುತ್ ಅಳೆಯುವ ಟೋಪಿ ಹಾಕಿ, ಪರದೆಯ ಮೇಲೆ ಬಂದದ್ದನ್ನು ನೋಡಿ ಬೇಗ ಬೇಗ ಗುಂಡಿ ಒತ್ತಲು ಹೇಳುತ್ತಾರೆ. ಬೇಗ ಅಂದ ಮೇಲೆ ತಪ್ಪು ಆಗಿಯೇ ಆಗುತ್ತದೆ. ತಪ್ಪು ಗುಂಡಿ ಒತ್ತಿದ 50ರಿಂದ 100 ಮಿಲಿಸೆಕೆಂಡಿನೊಳಗೆ ನೆತ್ತಿಯ ಮುಂಭಾಗದಲ್ಲಿ ವಿದ್ಯುತ್ ಅಲೆ ಸರಕ್ಕನೆ ಒಂದು ಕಡೆ ವಾಲುತ್ತದೆ. ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು ಕಳೆಯುವುದರೊಳಗೆ! ಇದಕ್ಕೆ ಎರರ್ ರಿಲೇಟೆಡ್ ನೆಗೆಟಿವಿಟಿ, ಚಿಕ್ಕದಾಗಿ ಇಆರ್‌ಎನ್ ಅಂತ ಹೆಸರು. ಹಣೆಯ ಹಿಂದೆ, ಮಿದುಳಿನ ಎರಡು ಹೋಳುಗಳು ಎದುರುಬದುರಾಗುವ ಒಳಗೋಡೆಯಲ್ಲಿ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಅನ್ನುವ ಭಾಗವಿದೆ. ಈ ಅಲೆ ಮುಖ್ಯವಾಗಿ ಅಲ್ಲಿಂದಲೇ ಬರುತ್ತದೆ.

ಇದರ ಬೆನ್ನಿಗೇ ಇನ್ನೊಂದು ಅಲೆ ಬರುತ್ತದೆ, ಸುಮಾರು 200ರಿಂದ 400 ಮಿಲಿಸೆಕೆಂಡಿನ ಹೊತ್ತಿಗೆ. ಮೊದಲನೆಯದು "ಅಯ್ಯೋ" ಆದರೆ ಎರಡನೆಯದು "ಹೌದಲ್ಲ, ನಾನು ತಪ್ಪು ಮಾಡಿದೆ" ಅನ್ನುವ ಅರಿವು. 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ಯಾಂಡರ್ ನ್ಯೂವೆನ್‌ಹ್ಯೂಸ್ ಮತ್ತು ಜೊತೆಗಾರರು ಒಂದು ಚೆಂದದ ಪ್ರಯೋಗ ಮಾಡಿದರು. ಕಣ್ಣನ್ನು ಬೆಳಕಿನ ಕಡೆ ಹೊರಳಿಸಬೇಡ, ಎದುರು ದಿಕ್ಕಿಗೆ ಹೊರಳಿಸು ಅಂತ ಜನರಿಗೆ ಹೇಳಿದರು. ಎಷ್ಟೋ ಸಲ ಕಣ್ಣು ತಪ್ಪು ಕಡೆ ಹೋದದ್ದು ಅವರಿಗೇ ಗೊತ್ತಾಗಲಿಲ್ಲ. ಆಗಲೂ ಮೊದಲ ಅಲೆ ಬಂದೇ ಬಂತು. ಎರಡನೆಯದು ಮಾತ್ರ ಸರಿಯಾಗಿ ಬಂದದ್ದು ತಪ್ಪು ಮನಸ್ಸಿಗೆ ತಿಳಿದಾಗ.

ಇದಾದ ಮೇಲೆ ಮೂರನೆಯದು, ನಡತೆಯಲ್ಲಿ ಆಗುವ ಬದಲಾವಣೆ. ತಪ್ಪು ಮಾಡಿದ ನಂತರದ ಪ್ರಯತ್ನದಲ್ಲಿ ಮನುಷ್ಯ ಸ್ವಲ್ಪ ನಿಧಾನವಾಗುತ್ತಾನೆ. ಸ್ಕೂಟರ್ ಒಮ್ಮೆ ಜಾರಿದರೆ ಮುಂದಿನ ತಿರುವಿನಲ್ಲಿ ಕೈ ತಾನಾಗೇ ಬ್ರೇಕಿನ ಮೇಲೆ ಹೋಗುತ್ತದಲ್ಲ, ಹಾಗೆ. ಪ್ಯಾಟ್ರಿಕ್ ರ್‍ಯಾಬಿಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 1966ರಲ್ಲೇ ಬರೆದಿದ್ದರು.

ಈಗ ನಿಮ್ಮ ತಮ್ಮನ ವಿಷಯಕ್ಕೆ ಬರೋಣ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಿಂದ ಒಂದು ಅಧ್ಯಯನ ಬಂತು. ಮರಿಯಾನ್ ಲಿಟ್ಟೆಲ್, ಇಂಗ್ಮಾರ್ ಫ್ರಾಂಕೆನ್ ಮತ್ತು ಜೊತೆಗಾರರದ್ದು. ಕಂಪ್ಯೂಟರ್ ಆಟ ಅತಿಯಾದ 25 ಜನ, ಹಾಗಿಲ್ಲದ 27 ಜನ. ಪರೀಕ್ಷೆ ಸರಳ: ಒಂದು ಬಗೆಯ ಗುರುತು ಬಂದರೆ ಗುಂಡಿ ಒತ್ತು, ಇನ್ನೊಂದು ಬಗೆಯದು ಬಂದರೆ ಕೈ ತಡಿ. ಆಟಗಾರರು ತಡೆಯಬೇಕಾದಲ್ಲಿ ಜಾಸ್ತಿ ಸಲ ಒತ್ತಿಬಿಟ್ಟರು. ತಪ್ಪು ಮಾಡಿದಾಗ ಅವರ "ಅಯ್ಯೋ" ಅಲೆಯೂ ಸಣ್ಣದಾಗಿತ್ತು. ಕೊಕೇನ್ ಚಟ ಇರುವವರಲ್ಲೂ ಈ ಅಲೆ ಸಣ್ಣದಾಗಿರುವುದನ್ನು ಇದೇ ಫ್ರಾಂಕೆನ್ ತಂಡ 2007ರಲ್ಲಿ ತೋರಿಸಿತ್ತು. ನೀವು ಓದಿದ ಸುದ್ದಿಯ ಬೇರು ಇಂಥ ಅಧ್ಯಯನಗಳಲ್ಲಿದೆ.

ಆದರೆ "ಸಣ್ಣದಾಗಿದೆ" ಅನ್ನುವುದು "ಇಲ್ಲ" ಆಗಿಬಿಡುವುದು ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ. ಅಲೆ ಇತ್ತು. ಎತ್ತರ ಕಡಿಮೆ ಇತ್ತು. ಅದೂ ಗುಂಪಿನ ಸರಾಸರಿಯಲ್ಲಿ. ಚೆನ್ನಾಗಿ ಆಡುವ, ಚೆನ್ನಾಗಿ ಓದುವ ಹುಡುಗರಲ್ಲೂ ಸಣ್ಣ ಅಲೆಯವರು ಸಿಗುತ್ತಾರೆ, ಚಟ ಹತ್ತಿದವರಲ್ಲೂ ದೊಡ್ಡ ಅಲೆಯವರಿರುತ್ತಾರೆ.

ಇನ್ನೂ ಒಂದು ತೊಡಕಿದೆ. 2013ರಲ್ಲಿ ಚೀನಾದ ಗುವಾಂಗ್‌ಹೆಂಗ್ ಡಾಂಗ್ ಅವರ ತಂಡ ಇಂಟರ್ನೆಟ್ ಚಟ ಇರುವವರನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿತು. ತಪ್ಪು ಮಾಡಿದಾಗ ಅವರ ಸಿಂಗ್ಯುಲೇಟ್ ಭಾಗ ಉಳಿದವರಿಗಿಂತ ಜಾಸ್ತಿ ಚುರುಕಾಗಿತ್ತು! ಅಲ್ಲಿ ಕಡಿಮೆ, ಇಲ್ಲಿ ಜಾಸ್ತಿ. ಯಾವುದನ್ನು ನಂಬೋದು? ಎರಡು ಯಂತ್ರಗಳೂ ಅಳೆಯುವುದು ಬೇರೆ ಬೇರೆ. ಇಇಜಿ ಕ್ಷಣದ ವಿದ್ಯುತ್ತನ್ನು ಹಿಡಿದರೆ ಎಫ್‌ಎಂಆರ್‌ಐ ನಿಧಾನವಾಗಿ ಬದಲಾಗುವ ರಕ್ತದ ಹರಿವನ್ನು ಹಿಡಿಯುತ್ತದೆ. ಹಾಗಾಗಿ ಎರಡೂ ಒಟ್ಟಿಗೇ ಸರಿ ಇರಬಹುದು. ಕ್ಲಚ್ ಪ್ಲೇಟ್ ಸವೆದ ಬೈಕಿಗೆ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಎಂಜಿನ್ ಕೂಗುತ್ತದೆ, ಗಾಡಿ ಎಳೆಯೋದಿಲ್ಲ. ಅದೇ ಕೆಲಸಕ್ಕೆ ಮಿದುಳು ಜಾಸ್ತಿ ಒದ್ದಾಡುತ್ತಿದೆ ಅಂತ ಒಂದು ಓದು. ನನಗೆ ಅದು ಒಪ್ಪಿಗೆ.

ಮತ್ತೊಂದು ಮಾತು, ಇದನ್ನು ಪತ್ರಿಕೆಗಳು ಬಿಟ್ಟುಬಿಡುತ್ತವೆ. ಇವೆಲ್ಲ ಒಂದೇ ಸಲ ನೋಡಿದ ಅಧ್ಯಯನಗಳು. ಆಟ ಆಡಿ ಅಲೆ ಸಣ್ಣದಾಯಿತೋ, ಮೊದಲಿಂದಲೂ ಸಣ್ಣದಿದ್ದವರೇ ಆಟಕ್ಕೆ ಬೇಗ ಸಿಕ್ಕಿಬಿದ್ದರೋ ಅನ್ನುವುದು ಇವುಗಳಿಂದ ತೀರ್ಮಾನವಾಗೋದಿಲ್ಲ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರಲ್ಲೂ ಈ ಅಲೆ ಸಣ್ಣದಿರುವುದು ಕಂಡುಬಂದಿದೆ, ಎಡಿಎಚ್‌ಡಿ ಇರುವವರು ಆಟದ ಚಟಕ್ಕೆ ಬೀಳುವುದೂ ಹೆಚ್ಚು. ಆದ್ದರಿಂದ "ಮೊಬೈಲ್ ಮಿದುಳನ್ನು ತಿಂದುಬಿಟ್ಟಿತು" ಅಂತ ಮನೆಯಲ್ಲಿ ಯಾರಾದರೂ ಅಂದರೆ ನೀವು ಧಾರಾಳವಾಗಿ ಅಡ್ಡ ಮಾತಾಡಬಹುದು.

ಇನ್ನು ನೀವು ಕೇಳಿದ ಅಸಲಿ ಪ್ರಶ್ನೆ. ಅದು ತುಂಬ ಒಳ್ಳೆಯ ಪ್ರಶ್ನೆ. ತಪ್ಪು ಹಿಡಿಯುವ ಯಂತ್ರವೇ ಕೆಟ್ಟಿದ್ದರೆ ಆಟದಲ್ಲೂ ಕೆಡಬೇಕಿತ್ತು, ಅಲ್ವಾ? ಅಲ್ಲಿ ಅವನು ಯಾವ ಮನೆಯ ಹಿಂದೆ ನಿಲ್ಲಬಾರದಿತ್ತು, ಆಟದ ಸುರಕ್ಷಿತ ಝೋನ್ ಕಡೆ ಎಷ್ಟು ತಡವಾಗಿ ಓಡಿದೆ, ಸ್ಕ್ವಾಡ್‌ನವನನ್ನು ಎತ್ತಲು ಹೋಗಿ ತಾನೂ ಹೇಗೆ ಬಿದ್ದೆ ಅಂತ ಲೆಕ್ಕ ಒಪ್ಪಿಸುತ್ತಾನೆ.

ಉತ್ತರದ ಕೀಲಿ ಇಲ್ಲಿದೆ. ಆ "ಅಯ್ಯೋ" ಅಲೆ ತಪ್ಪು ಆಯಿತು ಅಂತಷ್ಟೇ ಹೇಳೋದಿಲ್ಲ, ಆ ತಪ್ಪಿನ ತೂಕ ಎಷ್ಟು ಅಂತಲೂ ಹೇಳುತ್ತದೆ. 2005ರಲ್ಲಿ ಗ್ರೆಗ್ ಹಜ್‌ಕಾಕ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ಅದೇ ಮನುಷ್ಯ, ಅದೇ ಗುಂಡಿ ಒತ್ತುವ ಕೆಲಸ. ಈ ತಪ್ಪಿಗೆ ಬೆಲೆ ಜಾಸ್ತಿ ಅಂದಾಗ ಅಥವಾ ನಿನ್ನನ್ನು ಒಬ್ಬರು ಗಮನಿಸುತ್ತಿದ್ದಾರೆ ಅಂದಾಗ ಅಲೆ ದೊಡ್ಡದಾಯಿತು. ಪ್ರಯೋಗಾಲಯದಲ್ಲಿ ಕೊಡುವ ಕೆಲಸ ಎಂಥದ್ದು? ಬೂದು ಪರದೆ, ಅಕ್ಷರ ಬಂತು, ಒತ್ತು, ಮತ್ತೊಂದು ಬಂತು, ಒತ್ತು. ನಾನೂ ಒಮ್ಮೆ ಆ ಟೋಪಿ ಹಾಕಿಕೊಂಡು ಕೂತಿದ್ದೇನೆ. ಅರ್ಧ ಗಂಟೆಯಲ್ಲಿ ಆಕಳಿಕೆ ಶುರುವಾಯಿತು, ಕೂದಲಿಗೆ ಹಚ್ಚಿದ ಜೆಲ್ ತೊಳೆಯಲು ಎರಡು ಸಲ ಶಾಂಪೂ ಬೇಕಾಯಿತು. ದಿನಾ ರಾತ್ರಿ ನೂರು ಜನರ ನಡುವೆ ಧುಮುಕಿ ಬದುಕಿ ಬರುವ ಹುಡುಗನಿಗೆ ಇಂಥ ಕೆಲಸದ ತಪ್ಪು ಎಷ್ಟು ತೂಗೀತು?

ನಿಮ್ಮ ತಮ್ಮನಿಗೆ ತಪ್ಪು ಗೊತ್ತಾಗುತ್ತದೆ, ಆದರೆ ಲೆಕ್ಕಕ್ಕೆ ಬರುತ್ತಿಲ್ಲ ಅನ್ನುವುದು ನನ್ನ ಓದು. ಲೆಕ್ಕಕ್ಕೆ ಬರದಿರಲು ಆಟದ ರಚನೆಯ ಪಾಲು ದೊಡ್ಡದು.

ಆಟದಲ್ಲಿ ತಪ್ಪಾದರೆ ಫಲ ಕ್ಷಣದಲ್ಲಿ ಬರುತ್ತದೆ. ಬಿದ್ದೆ, ಯಾರು ಹೊಡೆದರು, ಎಲ್ಲಿಂದ ಹೊಡೆದರು, ಎಲ್ಲ ಪರದೆ ಮೇಲೆ. ಒಂದು ನಿಮಿಷ ಲಾಬಿಯಲ್ಲಿ ಕಾದರೆ ಹೊಸ ಮ್ಯಾಚ್, ಹಳೆಯದರ ಸಾಲ ಏನೂ ಇಲ್ಲ. ಕಾಲೇಜಿನ ತಪ್ಪು ಹಾಗಲ್ಲ. ಸೆಮಿಸ್ಟರ್ ಶುರುವಿನಲ್ಲಿ ಕ್ಲಾಸಿಗೆ ಹೋಗಲಿಲ್ಲ, ಅವತ್ತು ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ತಿಂಗಳುಗಳ ನಂತರ ರಿಸಲ್ಟ್ ಬಂದಾಗ ಅದು ಯಾವ ದಿನದ ತಪ್ಪಿನ ಫಲ? ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕದ ವ್ಯವಸ್ಥೆ ಕಲಿಯುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರದಿಂದ. ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಮಾಡಿದ ಕೆಲಸದಿಂದ 1990ರ ದಶಕದಲ್ಲಿ ಇದು ಖಚಿತವಾಯಿತು. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಬಿದ್ದರೆ ಆ ಕಲಿಕೆ ಎರಡನ್ನೂ ಗಂಟು ಹಾಕಲಾರದು. ಆ ಗಂಟನ್ನು ನಾವು ಯೋಚನೆ ಮಾಡಿ ಹಾಕಬೇಕು. ಯೋಚನೆ ಮಾಡುವ ಮುಂಭಾಗದ ಮಿದುಳು 20ರ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತದೆ.

ಇನ್ನೊಂದು ವಿಚಿತ್ರ ಕೇಳಿ. 2006ರಲ್ಲಿ ಫಿನ್ಲೆಂಡಿನ ನಿಕ್ಲಾಸ್ ರವಾಯಾ ಮತ್ತು ಜೊತೆಗಾರರು ಆಟ ಆಡುವವರ ಮುಖದ ಸ್ನಾಯುಗಳನ್ನು ಅಳೆದರು. ತಾವೇ ಆಡುತ್ತ ಎಡವಿದಾಗ ಮುಖದಲ್ಲಿ ಕಂಡದ್ದು ಬೇಸರವಲ್ಲ, ಖುಷಿಯ ಗುರುತು! ಬೇಸರ ಕಂಡದ್ದು ಸುಮ್ಮನೆ ಕೂತು ತಮ್ಮ ಸೋಲನ್ನು ನೋಡಬೇಕಾದಾಗ. ಒಳ್ಳೆಯ ಆಟ ತಪ್ಪನ್ನೂ ರುಚಿಯಾಗಿ ಬಡಿಸುತ್ತದೆ. ಜೊತೆಗೆ "ಇನ್ನೊಂದೇ ಒಂದು ಆಗಿದ್ದರೆ ಗೆದ್ದಿರುತ್ತಿದ್ದೆ" ಅನ್ನುವ ಆಸೆ. ಜೂಜಿನ ಸ್ಲಾಟ್ ಮಶೀನ್ ಬಗ್ಗೆ ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ತಂಡ 2009ರಲ್ಲಿ ನೋಡಿದಾಗ, ಸ್ವಲ್ಪದರಲ್ಲಿ ತಪ್ಪಿದ ಗೆಲುವು ನಿಜವಾದ ಗೆಲುವಿಗೆ ಮಿಡಿಯುವ ಮಿದುಳಿನ ಭಾಗಗಳನ್ನೇ ಮಿಡಿಸಿತ್ತು. ಸೋತವನಿಗೆ ಏಳುವ ಮನಸ್ಸು ಬರದಿರುವುದು ಅದಕ್ಕೇ.

ಹಾಗಾದರೆ ಕಾಲೇಜಿನ ತಪ್ಪಿನ ತೂಕ ಹೆಚ್ಚಿಸಲು ಜೋರಾಗಿ ಬೈಯೋಣವೇ? ಬೈದರೆ ಅಲೆ ದೊಡ್ಡದಾಗಬಹುದು, ನಿಜ. ತಪ್ಪಿಗೆ ಶಿಕ್ಷೆ ಕೊಟ್ಟ ಪ್ರಯೋಗಗಳಲ್ಲಿ ಅದು ದೊಡ್ಡದಾಗಿದೆ, ಶಿಕ್ಷೆ ನಿಲ್ಲಿಸಿದ ಮೇಲೂ ಹಾಗೇ ಉಳಿದಿದೆ. ಆದರೆ ದೊಡ್ಡ ಅಲೆ ಅಂದರೆ ಒಳ್ಳೆಯ ಅಲೆ ಅಂತಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಹತ್ತು ಸಲ ಎದ್ದು ನೋಡುವ ಒಸಿಡಿ ಇರುವವರಲ್ಲಿ, ವಿಪರೀತ ಆತಂಕ ಇರುವವರಲ್ಲಿ ಈ ಅಲೆ ಮಾಮೂಲಿಗಿಂತ ಎತ್ತರ. ಕಠಿಣವಾಗಿ ಬೆಳೆಸಿದ ಮಕ್ಕಳಲ್ಲೂ ಹಾಗೆಯೇ ಕಂಡಿದೆ. ಬೈದು ಬೈದು ನಾವು ಬೆಳೆಸುವುದು ಭಯವನ್ನು. ಆ ಭಯ ತಾಳಲಾರದೆ ಹುಡುಗ ಓಡುವುದು ಎಲ್ಲಿಗೆ? ತಪ್ಪಿಗೆ ಯಾರೂ ಬೈಯದ ಒಂದೇ ಜಾಗಕ್ಕೆ. "ಹೂಂ, ಗೊತ್ತು" ಅಂದನಲ್ಲ, ಅದನ್ನು ದಪ್ಪ ಚರ್ಮ ಅಂತ ಓದಬೇಡಿ. ಎಷ್ಟೋ ಸಲ ಅದು "ಇಲ್ಲಿಗೆ ನಿಲ್ಲಿಸು" ಅನ್ನುವ ಮಾತು.

ನಾನು ಹೇಳುವುದು ಬೇರೆ ದಾರಿ: ದನಿ ಎತ್ತರಿಸುವ ಬದಲು ಫಲವನ್ನು ಹತ್ತಿರ ತನ್ನಿ. ನಾಲ್ಕು ಬ್ಯಾಕ್ ಅನ್ನುವುದು ಬೆಟ್ಟ, ಅದರಲ್ಲಿ ಇವತ್ತಿನ ತಪ್ಪು ಯಾವುದು ಅಂತ ಯಾರಿಗೂ ಕಾಣೋದಿಲ್ಲ. ಒಂದು ಸಬ್ಜೆಕ್ಟ್ ಹಿಡಿಯಿರಿ. ಹಳೆಯ ಪ್ರಶ್ನೆಪತ್ರಿಕೆಯ ಎರಡೇ ಪ್ರಶ್ನೆ, ಅರ್ಧ ಗಂಟೆ, ಅವತ್ತೇ ಉತ್ತರ ಹೋಲಿಸಿ ನೋಡುವುದು. ನೀವು ಹುಬ್ಬಳ್ಳಿಯಲ್ಲಿದ್ದರೂ ಅವನು ಬರೆದದ್ದರ ಫೋಟೋ ವಾಟ್ಸಾಪ್‌ನಲ್ಲಿ ಬರಲಿ. ಎಷ್ಟು ಅಂಕ ಅಂತ ಕೇಳಬೇಡಿ. "ಎಲ್ಲಿ ಎಡವಿದೆ?" ಅಂತ ಕೇಳಿ. ಮ್ಯಾಚ್ ಮುಗಿದ ಮೇಲೆ ತನ್ನ ತಪ್ಪನ್ನು ಬಿಡಿಸಿ ನೋಡುವ ವಿದ್ಯೆ ಅವನಿಗೆ ಆಗಲೇ ಬರುತ್ತದೆ, ಅನೇಕರಿಗೆ ಅದೂ ಬರುವುದಿಲ್ಲ. ಆ ವಿದ್ಯೆಗೆ ಈ ಕಡೆಯ ದಾರಿ ತೋರಿಸಬೇಕು, ಅಷ್ಟೇ. ಅಮೆರಿಕದ ಮಿಷಿಗನ್‌ನಲ್ಲಿ ಜೇಸನ್ ಮೋಸರ್ ಅವರ ತಂಡ 2011ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಬುದ್ಧಿ ದುಡಿದರೆ ಬೆಳೆಯುತ್ತದೆ ಅಂತ ನಂಬಿದವರಲ್ಲಿ "ಹೌದಲ್ಲ" ಅನ್ನುವ ಎರಡನೇ ಅಲೆ ದೊಡ್ಡದಾಗಿತ್ತು, ತಪ್ಪಿನ ನಂತರದ ಉತ್ತರಗಳೂ ಹೆಚ್ಚು ಸರಿ ಬಂದಿದ್ದವು. ಮನೆಯಲ್ಲಿ "ನೀನು ಇಷ್ಟೇ ಕಣೋ" ಅನ್ನುವ ಮಾತು ದಿನಾ ಬಿದ್ದರೆ ಆ ನಂಬಿಕೆ ಎಲ್ಲಿಂದ ಬರಬೇಕು?

ದುಡ್ಡಿನದ್ದೂ ಹೀಗೇ. 6 ಸಾವಿರ ಹೋದದ್ದು ಅಪ್ಪನ ಖಾತೆಯಿಂದ, ಅವನಿಗೆ ಅದು ಪರದೆ ಮೇಲಿನ ಅಂಕಿ. ಅಪ್ಪನ ಯುಪಿಐ ಪಿನ್ ಇವತ್ತೇ ಬದಲಾಗಲಿ. ಅವನ ತಿಂಗಳ ಖರ್ಚಿನಲ್ಲಿ ಸಣ್ಣ ಕಂತು ಕಳೆಯುತ್ತ ಹೋಗಲಿ, ಮೊದಲೇ ಹೇಳಿ, ಮಾತುಕತೆಯಾಡಿ.

ನಿದ್ದೆಯ ಬಗ್ಗೆ ನೀವು ಬರೆದಿಲ್ಲ. ದಿನಕ್ಕೆ ಏಳೆಂಟು ಗಂಟೆ ಆಟ ಅಂದರೆ ರಾತ್ರಿ ಎರಡು ಮೂರಾಗುತ್ತಿರಬೇಕು. ನಿದ್ದೆಗೆಟ್ಟ ಮಿದುಳು ತಪ್ಪು ಮಾಡುವುದೂ ಹೆಚ್ಚು, ಮಾಡಿದ ತಪ್ಪನ್ನು ತಿದ್ದಿಕೊಳ್ಳುವುದೂ ಕಡಿಮೆ. ಚಟ ಇಲ್ಲದವರಲ್ಲೂ ಇದು ಹೀಗೇ. ಆದ್ದರಿಂದ ಆಟದ ಗಂಟೆ ಕಡಿಮೆ ಮಾಡುವ ಜಗಳಕ್ಕಿಂತ ಮೊದಲು ಆಟ ಮುಗಿಯುವ ಹೊತ್ತನ್ನು ಹಿಂದಕ್ಕೆ ತನ್ನಿ. ಹನ್ನೆರಡಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ. ಮನೆಯವರೆಲ್ಲರದ್ದೂ, ಅವನೊಬ್ಬನದ್ದಲ್ಲ. ಫೋನ್ ಕಿತ್ತುಕೊಂಡು ಬೀರುವಿನಲ್ಲಿಡುವ ಕೆಲಸ ಮಾತ್ರ ಬೇಡ.

ಇಇಜಿ ಬೇಡ. ಆಸ್ಪತ್ರೆಗಳಲ್ಲಿ ಮಾಡುವ ಇಇಜಿ ಫಿಟ್ಸ್‌ನಂಥ ತೊಂದರೆ ನೋಡಲಿಕ್ಕೆ ಇರುವುದು, ಈ ಅಲೆ ಅದರಲ್ಲಿ ಕಾಣೋದಿಲ್ಲ. ಇದು ಕೆಲವೇ ಮೈಕ್ರೋವೋಲ್ಟ್‌ನದ್ದು. ಟಿವಿ ರಿಮೋಟಿನ ಶೆಲ್ 1.5 ವೋಲ್ಟ್, ಒಂದು ವೋಲ್ಟ್ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರೋವೋಲ್ಟ್. ಒಂದು ತಪ್ಪಿನಿಂದ ಅದು ಕಾಣಿಸುವುದೂ ಇಲ್ಲ, ಎಷ್ಟೋ ತಪ್ಪುಗಳನ್ನು ಸೇರಿಸಿ ಸರಾಸರಿ ತೆಗೆಯಬೇಕು. ಬ್ರೇನ್ ಮ್ಯಾಪಿಂಗ್ ಮಾಡಿ ಆಟದ ಚಟ ಇದೆಯೋ ಇಲ್ಲವೋ ಹೇಳುತ್ತೇವೆ ಅಂತ ಯಾರಾದರೂ ಪ್ಯಾಕೇಜ್ ಕೊಟ್ಟರೆ ಆ ದುಡ್ಡಲ್ಲಿ ತಮ್ಮನಿಗೆ ಒಂದು ಸೈಕಲ್ ಕೊಡಿಸಿ.

ಚಟ ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಮಾತಾಡಿ, ಇತಿಹಾಸ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ, ಗೇಮಿಂಗ್ ಡಿಸಾರ್ಡರ್ ಒಂದು ಕಾಯಿಲೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದೆಲ್ಲದಕ್ಕಿಂತ ಆಟ ಮುಂದೆ ಬಂದಿರಬೇಕು, ನಷ್ಟವಾಗುತ್ತಿದ್ದರೂ ಆಟ ಮುಂದುವರಿಯುತ್ತಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಗಂಟೆಗಳ ಲೆಕ್ಕ ಅದರಲ್ಲಿ ಇಲ್ಲ. ಮೂರನೆಯದನ್ನು ಇನ್ನೊಮ್ಮೆ ಓದಿ. ನಾವು ಇಷ್ಟು ಹೊತ್ತು ಮಾತಾಡಿದ್ದು ಅದರ ಬಗ್ಗೆಯೇ. ನಿಮ್ಮ ಪತ್ರದ ಪ್ರಕಾರ ಮೂರೂ ಇರುವ ಹಾಗಿದೆ, ಹಾಗಾಗಿ ಒಮ್ಮೆ ತೋರಿಸಿ. ಜೊತೆಗೆ ಎಡಿಎಚ್‌ಡಿ, ಖಿನ್ನತೆ ಇವೆಯೇ ಅಂತಲೂ ನೋಡುತ್ತಾರೆ. ಇದ್ದರೆ ಅದಕ್ಕೆ ಮೊದಲು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಈಗಲೇ ಆಗದಿದ್ದರೆ ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕೇ ಬೇಡ ಅನ್ನುವಂಥ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಸರಿಹೋಗುತ್ತಾ ಅಂತ ಕೊನೆಗೆ ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ನೀವೇ "ಅದು ಬೇರೆ ಮಾತು" ಅಂತ ತಳ್ಳಿಹಾಕಿದ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಬಿಪಿ ಮಾತ್ರೆ ಮರೆತ, ಬಾಯಲ್ಲಿ "ಬಿಡು" ಅಂದ. ಆದರೆ ಬೆಳಿಗ್ಗೆ ಮೆಡಿಕಲ್ ಶಾಪಿನ ಶಟರ್ ಏಳುವ ಮೊದಲೇ ಅಲ್ಲಿದ್ದ. ಯಾರೂ ಎಬ್ಬಿಸಿ ಕಳಿಸಿರಲಿಲ್ಲ ತಾನೇ? "ಅಯ್ಯೋ" ಬಂದಿದೆ, "ಹೌದಲ್ಲ" ಬಂದಿದೆ, ತಿದ್ದಿಕೊಂಡದ್ದೂ ಆಗಿದೆ. ಮುಂದಿನ ಸಲ ಊರಿಗೆ ಹೋದಾಗ, ಬ್ಯಾಕ್ ಸಬ್ಜೆಕ್ಟ್‌ಗಳ ಮಾತು ತೆಗೆಯುವ ಮೊದಲು, ಅವತ್ತು ಅಷ್ಟು ಬೇಗ ಹೋಗಿದ್ದೆಯಲ್ಲ, ರಾತ್ರಿ ನಿದ್ದೆ ಬಂದಿತ್ತಾ ಅಂತ ಅವನನ್ನು ಕೇಳಿ ನೋಡಿ.